ಶಾಲು ಕೆದರಿಡುವ ಸುಗುಣಕ್ಕ

ಬೆಳಗಿನ ಆರು ಗಂಟೆ. ತಮಿಳು ನೆಲದ ಪೆರುಂಗುಡಿಯ ಒಂದು ಕಂಪ್ಯೂಟರ್ ಕಂಪನಿಯ ಆರನೇ ಮಹಡಿಯಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಸುಗುಣಕ್ಕ ಸೋಫಾದ ಮೇಲೆ ಒಂದು ಉಣ್ಣೆಯ ಶಾಲು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಫೋಟೊ. ಫೋಟೊದಲ್ಲಿ ಶಾಲಿನ ಮೂಲೆ ನೆಲಕ್ಕೆ ತಾಗಿದೆ, ಇಲ್ಲಿ ತಾಗಿಲ್ಲ. ಬಗ್ಗಿ ಎಳೆಯುತ್ತಾರೆ. ಏಳುವಾಗ ಎಡ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿಯುತ್ತಾರೆ.

ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕಾಣಬೇಕು. ಒಳಾಂಗಣ ವಿನ್ಯಾಸ ಮಾಡಿದವರು ಹಾಗೆಂದು ಹೇಳಿ ಫೋಟೊ ಕೊಟ್ಟು ಹೋಗಿದ್ದಾರೆ.

“ಈ ಸೋಫಾ ಎಲ್ಲ ಬಂದ ಫಸ್ಟ್ ದಿನ ನಾನು ಒಂಬತ್ತು ಶಾಲನ್ನೂ ಚಂದ ಮಾಡಿ ಮಡಚಿ ಇಟ್ಟೆ. ಅರ್ಧ ತೆರೆದಿದ್ದ ಪುಸ್ತಕ ಎಲ್ಲ ಮುಚ್ಚಿ ಸಾಲಾಗಿ ಜೋಡಿಸಿದೆ. ಹೊಗಳ್ತಾರೆ ಅಂತ ಗ್ರಹಿಸಿದ್ದು. ಅಜಯ್ ಸರ್ ಬಂದು, ‘ಏನ್ ಸುಗುಣಕ್ಕಾ, ಇದೇನು ಆಸ್ಪತ್ರೇನಾ? ಮನೆ ಥರ ಇರ್ಬೇಕು, ಕೊಂಜಂ, ಸ್ವಲ್ಪ ಕೆದರಿಡಿ’ ಅಂದ್ರು. ಕೆದರ್ಲಿಕ್ಕೂ ಸಂಬಳ ಉಂಟು ಮಾರಾಯ್ರೆ ಇಲ್ಲಿ.”

ಅಜಯ್ ಕಟ್ಟಡದ ಉಸ್ತುವಾರಿ, ಪೆರಂಬೂರಿನ ರೈಲ್ವೆ ಕುಟುಂಬದ ಕನ್ನಡಿಗ. ಪಕ್ಕದಲ್ಲಿ ನೆಲ ಒರೆಸುತ್ತಿರುವ ಮಾಧವಿ ತಮಿಳಿನಲ್ಲಿ ಛೇಡಿಸುತ್ತಾಳೆ: “ಆ ಫೋಟೊ ಕೊಟ್ಟವರನ್ನ ನಮ್ಮನೇಗೆ ಕರ್ಕೊಂಡು ಹೋಗಿದ್ರೆ ಆಗ್ತಿತ್ತು. ಕೆದರೋಕೆ ಫೋಟೊ ಯಾಕೆ? ನಮ್ಮ ಯಜಮಾನ್ರೇ ಸಾಕು.”

ಸುಗುಣಕ್ಕನಿಗೆ ನಲವತ್ತಾರು. ಊರು ಕಾರ್ಕಳದ ಹತ್ತಿರ. ಗಂಡ ರಾಮದಾಸ ಕೋಡಂಬಾಕ್ಕಂನ ಸಸ್ಯಾಹಾರಿ ಹೋಟೆಲೊಂದರ ಅಡುಗೆಯವರು. ಈ ಕಚೇರಿಯಲ್ಲಿ ಶುಚಿ ಮಾಡುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಆಗ ಇಲ್ಲಿ ಮುನ್ನೂರ ನಲವತ್ತು ಮೇಜುಗಳಿದ್ದವು, ಒಂದೊಂದಕ್ಕೂ ಒಡೆಯರಿದ್ದರು. ಯಾವ ಮೇಜಿನ ಮೇಲೆ ಗಣಪತಿ, ಯಾವ ಡ್ರಾಯರಿನಲ್ಲಿ ಉಪ್ಪಿನಕಾಯಿ ಬಾಟಲಿ ಎಂದು ಇವರಿಗೆ ಬಾಯಿಪಾಠ.

ಕೊರೊನಾ ಬಂದಾಗ ಎಲ್ಲರೂ ಮನೆಗೆ ಹೋದರು. ಎರಡು ವರ್ಷ ಮನೆಯಿಂದಲೇ ಕೆಲಸ ಮಾಡಿದವರಿಗೆ ಮರಳಿ ಬರಲು ಮನಸ್ಸಿಲ್ಲ. ಬರುವಂತೆ ಮಾಡಬೇಕೆಂದು ಕಚೇರಿಯನ್ನೇ ಮನೆಯಂತೆ ಮಾಡಿದರು. ಸೋಫಾ, ಪರದೆ, ಊಟದ ದೊಡ್ಡ ಮೇಜು, ಅಡುಗೆಮನೆಯಂಥ ಒಂದು ಮೂಲೆ. ಈಗ ಉಳಿದಿರುವುದು ನೂರ ಹತ್ತು ಮೇಜು. ಅವು ಯಾರವೂ ಅಲ್ಲ, ವಾರಕ್ಕೆ ಮೂರು ದಿನ ಬಂದವರು ಖಾಲಿ ಇದ್ದಲ್ಲಿ ಕೂರುತ್ತಾರೆ.

ಲಿಫ್ಟಿನ ಹಿಂದೆ ಒಂದು ಸಣ್ಣ ಕೋಣೆಯಿತ್ತು. ಶುಚಿ ಕೆಲಸದ ಐವರು ಹೆಂಗಸರು ಬೆಳಗಿನ ಹತ್ತೂವರೆಗೆ ಅಲ್ಲಿ ಬುತ್ತಿ ಬಿಚ್ಚಿ, ಕಾಲು ಚಾಚಿ ಕೂರುತ್ತಿದ್ದರು. ಹೊಸ ನಕ್ಷೆ ಬರೆಯುವ ಮೊದಲು ಮೂರು ತಿಂಗಳು, ಯಾವ ಜಾಗಕ್ಕೆ ಎಷ್ಟು ಜನ ಬರುತ್ತಾರೆಂದು ಬಾಗಿಲಿಗೆ ತಾಗಿಸುವ ಗುರುತಿನ ಕಾರ್ಡಿನಿಂದ ಲೆಕ್ಕ ಹಿಡಿದರು. ಗುತ್ತಿಗೆಯ ಮೇಲಿರುವ ಈ ಐವರಿಗೆ ಕಾರ್ಡಿಲ್ಲ, ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ಒಳಗೆ ಬರುವವರು. ಆ ಕೋಣೆಯ ಮುಂದೆ ಸೊನ್ನೆ ಬಿತ್ತು. ಖಾಲಿ ಕೋಣೆಯೆಂದು ಅದನ್ನು ಕಂಪನಿ ಸಿಬ್ಬಂದಿಯ ವಿಶ್ರಾಂತಿ ಕೋಣೆ ಮಾಡಿದರು. ಒಳಗೆ ಮಂದ ಬೆಳಕು, ಒರಗುವ ಕುರ್ಚಿ. ಸುಗುಣಕ್ಕ ದಿನಕ್ಕೆ ಎರಡು ಸಲ ಆ ಕುರ್ಚಿ ಒರೆಸುತ್ತಾರೆ.

ಈಗ ಐವರೂ ಬುತ್ತಿ ಬಿಚ್ಚುವುದು ಬೆಂಕಿ ಬಿದ್ದರೆ ಇಳಿಯಲೆಂದು ಕಟ್ಟಿದ ಮೆಟ್ಟಿಲಿನ ಮೇಲೆ. ಯಾರಾದರೂ ತಪಾಸಣೆಗೆ ಬಂದರೆ ತುತ್ತು ಹಿಡಿದುಕೊಂಡೇ ಏಳಬೇಕು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕಾಲು ನೀಡಿ ಕೂರದಿದ್ದರೆ ಈ ಕೆಲಸ ಬಿಡಬೇಕಾಗುತ್ತದೆ ಎಂದು ಸುಗುಣಕ್ಕನ ಮೊಣಕಾಲು ನೋಡಿದ ಡಾಕ್ಟರು ಹೇಳಿದ್ದಾರೆ.

“ಅಲ್ಲಿ ಅಷ್ಟು ಸೋಫಾ ಉಂಟಲ್ಲ ಅಂತ ಮಗಳೂ ಕೇಳ್ತಾಳೆ, ಅದೂ ತಮಿಳಿನಲ್ಲಿ. ಕೂತ್ರೆ ಶಾಲು ಹಾಳಾಗ್ತದೆ. ಪುನಃ ನಾನೇ ಬಗ್ಗಬೇಕಲ್ವಾ?”

ಒಂದು ಬೆಂಚಿಗೆ ಜಾಗ ಕೊಡಿ ಎಂದು ಐವರೂ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಕಳೆದ ವಾರ ಉತ್ತರ ಬಂತು. ಅಜಯ್ ನೆಲ ನೋಡುತ್ತಾ ಹೇಳುತ್ತಾರೆ: “ನಾನು ಕೇಳ್ದೆ ಅಕ್ಕಾ. ಮೆಟ್ಟಿಲಲ್ಲಿ ಬೆಂಚು ಇಡೋ ಹಾಗಿಲ್ಲ. ನಕ್ಷೇಲಿ ಬೇರೆ ಜಾಗ ಇಲ್ವಂತೆ. ಮುಂದಿನ ವರ್ಷ ಮತ್ತೆ ಲೆಕ್ಕ ತೆಗೀತಾರಂತೆ, ಆಗ ನೋಡೋಣ ಅಂದ್ರು.”

“ಮೊಣಗಂಟು ಮುಂದಿನ ವರ್ಷ ತನಕ ಕಾಯ್ತದಾ ಸರ್?” ಎಂದು ಸುಗುಣಕ್ಕ ಕೇಳುತ್ತಾರೆ. ಅಜಯ್ ಫೋನ್ ತೆಗೆದುಕೊಂಡು ಹೊರಗೆ ಹೋಗುತ್ತಾರೆ.

ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಸುಗುಣಕ್ಕ ಗುತ್ತಿಗೆದಾರನಿಗೆ ಹೇಳಿಯಾಗಿದೆ. ಮುಂದೇನು ಎಂಬುದು ಗೊತ್ತಿಲ್ಲ. ಹತ್ತೂವರೆಗೆ ಮೆಟ್ಟಿಲ ಮೇಲೆ ಕೂತು, ಗೋಡೆಗೆ ಒರಗಿ, ಎಡಗಾಲನ್ನು ಎರಡು ಮೆಟ್ಟಿಲು ಕೆಳಗೆ ನೀಡುತ್ತಾರೆ. ಕಂಪನಿಯವರಿಗೆ ಹೇಳುವುದು ಏನಾದರೂ ಇದೆಯೇ ಎಂದರೆ, ಬುತ್ತಿಯ ಮುಚ್ಚಳ ಹಾಕುತ್ತಾರೆ.

“ಬೆಂಚು ನನಗೆ ಇನ್ನು ಬೇಡ. ಮುಂದಿನ ವರ್ಷ ಲೆಕ್ಕ ತೆಗೀಲಿಕ್ಕೆ ಬಂದವರು ಈ ಹೊತ್ತಿಗೆ ಒಮ್ಮೆ ಇಲ್ಲಿ ಬಂದು ನೋಡ್ಲಿ. ನನ್ನ ಬದಲಿಗೆ ಇನ್ನೊಬ್ಬಳು ಬಂದಿರ್ತಾಳೆ. ಆಗಲೂ ಐದು ಜನವೇ. ಐದು ಅಂತ ಬರ್ಕೊಳ್ಳಲಿ, ಸಾಕು.”