ಕಿವಿ ಮುಚ್ಚದ ಡಬ್ಬಿ

ವರ್ಷ ಬಾಳುತ್ತದೆಂದು ಊರಿಗೆಲ್ಲ ಸಾರಿದ್ದ ಬ್ಯಾಟರಿ ಮೂರೇ ವಾರಕ್ಕೆ ಸತ್ತಾಗ ನನಗೆ ಮೊದಲು ಬಂದದ್ದು ನಾಚಿಕೆ, ಆಮೇಲೆ ಮಂಡಿನೋವು. ಮತ್ತೆ ಗುಡ್ಡ ಹತ್ತಬೇಕಲ್ಲ!

ಗಡಿಯಾಚೆ ತಮಿಳು ಸೀಮೆಗೆ ಸೇರಿದ ನಮ್ಮ ಜೀರಹಳ್ಳಿಯ ಕಾಡಂಚಿನ ಹೊಲಗಳಿಗೆ ನಾನು ಡಬ್ಬಿಗಳನ್ನು ಕಟ್ಟಿದ್ದೇನೆ. ಬದುವಿನ ತಂತಿಗೆ ಆನೆಯ ಕಾಲು ತಾಗಿದರೆ ಡಬ್ಬಿಯೊಳಗಿನ ರೇಡಿಯೊ ಊರಿನ ಸೈರನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಮಿಕ್ಕ ಹೊತ್ತು ಅದು ಮಲಗಿರಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಹೊಲ ಮಾರದೆ, ಹೋಟೆಲಿನಲ್ಲಿ ತಟ್ಟೆ ತೊಳೆದು ಓದಿದವನು. ಅದಕ್ಕೇ ಸ್ವಲ್ಪ ಜೋರಾಗಿಯೇ ಸಾರಿದ್ದೆ.

ಮೊದಲ ಡಬ್ಬಿ ಸತ್ತದ್ದು ಸಿದ್ದಮ್ಮತ್ತೆಯ ಹೊಲದಲ್ಲಿ. ಆನೆ ಎಳೆ ಮುಸುಕಿನ ಜೋಳದ ಪೈರನ್ನು ಅರ್ಧ ತಿಂದುಹೋದ ಮೇಲೇ ಅದು ತಿಳಿದದ್ದು.

"ಏನ್ಲಾ ಇಂಜಿನೀರಪ್ಪ, ಕಾವ್ಲಿಗೆ ಆಕ್ದೋನೇ ಮಲಿಕಂಡ್ರೆ ಒಲ ಕಾಯೋರು ಯಾರ್ಲಾ?"

"ಅದು ಮಲಗ್ಲೇಬೇಕು ಕಣತ್ತೆ. ಮಲಗ್ದೆ ಇದ್ದುದ್ಕೇ ಸತ್ತೋಗಿರಾದು."

"ಮಿಕ್ಕಿರೋ ಜೋಳಾನೂ ಓಯ್ತೋ, ಡಬ್ಬ ಕಿತ್ತು ಆನೆ ಇಂದೇನೇ ಕಾಡಿಗೆ ಎಸ್ದುಬುಡ್ತೀನಿ!"

ತಪ್ಪು ನನ್ನದೇ. ನಮ್ಮಲ್ಲಿ ಅಟ್ಟಣೆಯ ಮೇಲೆ ಹೊಲ ಕಾಯುವವರು ಆಗಾಗ ಕೂಗು ಹಾಕಬೇಕು, ಪಕ್ಕದ ಅಟ್ಟಣೆಯವನು ಓಗೊಡಬೇಕು. ಓಗೊಡದವನು ಮಲಗಿದನೆಂದೇ ಅರ್ಥ, ಅಂಥವನಿಗೆ ಮರ್ಯಾದೆಯಿಲ್ಲ. ನಮ್ಮಪ್ಪ ಒಂದು ಕೂಗನ್ನೂ ತಪ್ಪಿಸಿದವನಲ್ಲ. ಆ ಹೆಮ್ಮೆಯಲ್ಲಿ ಡಬ್ಬಿಗಳಿಗೂ ಅದನ್ನೇ ಕಲಿಸಿಬಿಟ್ಟಿದ್ದೆ: ನಿಮಿಷಕ್ಕೊಮ್ಮೆ ಕೂಗು, ಉತ್ತರಕ್ಕೆ ಕಿವಿ ತೆರೆದಿರು. ಕೂಗು ನಿಂತರೆ ನನಗೆ ಹೇಳುವವರನ್ನು ಮಾತ್ರ ಇಟ್ಟಿರಲಿಲ್ಲ. ಕೂಗುವುದು ರೆಪ್ಪೆ ಬಡಿಯುವಷ್ಟರ ಕೆಲಸ. ಬ್ಯಾಟರಿಯನ್ನು ಕುಡಿದದ್ದು ಆ ತೆರೆದ ಕಿವಿ. ಪರೀಕ್ಷೆಯಲ್ಲಿ ಇದನ್ನು ಬರೆದು ಪಾಸಾಗಿದ್ದೆ. ಅರ್ಥವಾದದ್ದು ಮಾತ್ರ ಆ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು.

ಓದಿದವನ ಪಾಡೂ ಇಷ್ಟೇ ಅನ್ನಿಸಿತು. ಪಂಪು ಕೆಟ್ಟರೆ, ತಮಿಳಿನಲ್ಲಿ ಅರ್ಜಿ ಬರೆಯಬೇಕಾದರೆ, ಯಾರದೋ ಮೊಬೈಲು ಬಿಸಿಯಾದರೆ ನನ್ನನ್ನೇ ಕರೆಯುತ್ತಾರೆ. ಕೆಲಸ ನನ್ನನ್ನು ದಣಿಸುವುದಿಲ್ಲ. ಯಾರೂ ಕರೆಯದ ದಿನ, ಈಗ ಕರೆದಾರೆಂದು ಕಾಯುತ್ತಲೇ ದಣಿಯುತ್ತೇನೆ.

ಡಬ್ಬಿಗಳನ್ನೆಲ್ಲ ತಿದ್ದಿದೆ. ದಿನಕ್ಕೊಂದೇ ಕೂಗು, ನಡುಮಧ್ಯಾಹ್ನ. ಆಮೇಲೆ ಕಿವಿಯೂ ಬಂದ್. ತಂತಿ ಅಲುಗಿದರೆ ಮಾತ್ರ ಎಚ್ಚರ.

"ಇನ್ಮ್ಯಾಲೆ ಅದು ಸುಮ್ಕಿದ್ರೆ ಸತ್ತೋಯ್ತು ಅನ್ಕಬ್ಯಾಡ ಕಣತ್ತೆ."

"ತಿರುಪ್ಪೂರ್‌ಗೆ ಕೊಟ್ಟಿರೋ ನನ್ ಮಗ್ಳು ವಾರಕ್ಕೊಂದ್ ದಪ ಫೋನ್ ಮಾಡ್ತಾಳೆ. ಅವ್ಳನ್ನ ಸತ್ತೋದ್ಲು ಅಂದಿದ್ದೀನಾ? ಇರ್ಲಿ ಬುಡು, ನೋಡಾನ."

ಎರಡು ತಿಂಗಳು ಡಬ್ಬಿ ನೆಮ್ಮದಿಯಾಗಿ ಮಲಗಿತು. ಮೊನ್ನೆ ಸಂಜೆ ಸೈರನ್ ಅರಚಿತು. ತಮಟೆ ಹಿಡಿದು ಎಲ್ಲರೂ ಓಡಿದೆವು. ಸಲಗ ಬದುವಿನ ಮೇಲೆ ನಿಂತು ನೋಡಿ, ಬೇಸರದಿಂದೆಂಬಂತೆ ತಿರುಗಿಹೋಯಿತು. ಉಳಿದ ಜೋಳ ಉಳಿಯಿತು.

ಮರುದಿನ ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಸಿದ್ದಮ್ಮತ್ತೆ ಮಡಿಲ ತುಂಬ ಜೋಳದ ತೆನೆ ಕಟ್ಟಿಕೊಂಡು ಬಂದಳು. ಅವ್ವ ನನ್ನನ್ನು ಎಬ್ಬಿಸಲು ಬಂದರೆ ಅತ್ತೆ ತಡೆದಳು.

"ಎಬ್ಬುಸ್ಬ್ಯಾಡ ಬುಡವ್ವ, ಮಲಿಕಳ್ಳಿ. ಆನೆ ಬಂದ್ರೆ ಅವ್ನೇ ಎದ್ದಾನು."

ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಆದರೆ ಅವಳ ಒಂದೊಂದು ಮಾತೂ ಕೇಳಿಸಿತು ನೋಡಿ, ಅಲ್ಲೇ ಇರುವುದು ನನ್ನ ತೊಂದರೆ.