ಸೊಟ್ಟ ಬೀದಿಯ ರೊಜಾಲಿಯಾ

ನೆಟ್ಟಗಿರುವುದನ್ನೇ ಹುಡುಕುವವರು ಬಿತೊಮ್‌ಗೆ ಬರದಿರುವುದೇ ವಾಸಿ. ತಲೆಮಾರುಗಟ್ಟಲೆ ಕಲ್ಲಿದ್ದಲು ಬಗೆದು ಬಗೆದು ನಮ್ಮೂರಿನ ಹೊಟ್ಟೆ ಟೊಳ್ಳಾಗಿದೆ. ಮೇಲೆ ನಿಂತ ಮನೆಗಳು ತಮಗೆ ಬೇಕಾದ ಕಡೆಗೆ ವಾಲಿಕೊಂಡಿವೆ. ಅದರಲ್ಲಿ ರೊಜಾಲಿಯಾ ಗಾವ್ಲಿಕ್ ಹುಟ್ಟಿ ಬೆಳೆದ ಬೀದಿಯದು ಎತ್ತಿದ ಕೈ. ಕೆಂಪು ಇಟ್ಟಿಗೆಯ ಗೋಡೆ, ಕೆಂಪು ಬಣ್ಣ ಬಳಿದ ಕಿಟಕಿ, ಹಿತ್ತಲಲ್ಲಿ ಪಾರಿವಾಳದ ಗೂಡು. ಬೀರುವಿನ ಕಾಲಿಗೆ ರಟ್ಟು ಮಡಚಿ ಕೊಡದ ಮನೆಯೇ ಅಲ್ಲಿರಲಿಲ್ಲ. ಮೇಜಿನ ಮೇಲಿಟ್ಟ ತಟ್ಟೆಯಲ್ಲಿ ಸೂಪು ಸದಾ ಕಿಟಕಿಯ ಕಡೆಗೇ ಸರಿದಿರುತ್ತಿತ್ತು. ಕೊನೆಗೊಂದು ಬೇಸಿಗೆಯಲ್ಲಿ ಗಣಿಯವರು, ಇನ್ನು ಇಲ್ಲಿದ್ದರೆ ಅಪಾಯ ಎಂದು ಎಲ್ಲರನ್ನೂ ಎಬ್ಬಿಸಿ ಊರಿನ ಮೂಲೆ ಮೂಲೆಗೆ ಹಂಚಿ, ಬೀದಿಯನ್ನು ಪೂರ್ತಿ ಕೆಡವಿ ಹಾಕಿದರು. ಈಗ ಅಲ್ಲಿ ಹುಲ್ಲು ಬೆಳೆದಿದೆ, ನಾಯಿ ತಿರುಗಾಡಿಸುವವರು ಬರುತ್ತಾರೆ.

ರೊಜಾಲಿಯಾಗೆ ಸಿಕ್ಕಿದ್ದು ಸಿಮೆಂಟಿನ ದೊಡ್ಡ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ. ಶಿಶುವಿಹಾರದ ಅಡುಗೆಮನೆಯಲ್ಲಿ ಆಕೆಗೆ ಕೆಲಸ. ಮದುವೆಯಾಗಿರಲಿಲ್ಲ, ಅದರ ಬಗ್ಗೆ ಯಾರಾದರೂ ಕೇಳಿದರೆ ಕೇಳಿದವರಿಗೇ ಬೇಡವಾಗುವಂಥ ಉತ್ತರ ಕೊಡುತ್ತಿದ್ದಳು. ಐವತ್ತು ದಾಟಿದ ಮೇಲೆ ಒಂದು ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡು ಮನೆಯಲ್ಲಿ ಕೂತಳು. ಹೊತ್ತು ಹೋಗದೆ ಕಂಪ್ಯೂಟರಿನಲ್ಲಿ 'ಗ್ರೋಡ್' ಎಂಬ ಆಟ ಹಚ್ಚಿಕೊಂಡಳು.

ಆ ಆಟದಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಒಂದು ಬಯಲು ಕೊಡುತ್ತಾರೆ, ಊರು ಕಟ್ಟಿಕೋ ಎನ್ನುತ್ತಾರೆ. ಕಂಪನಿ ಕೊಟ್ಟದ್ದು ಕೋಟೆ, ಮರದ ಮನೆ, ಗಾಳಿಗಿರಣಿ, ಅಷ್ಟೆ. ಉಳಿದದ್ದೆಲ್ಲ ಆಟಗಾರರೇ ಕೈಯಾರೆ ಮಾಡಿ ಆಟಕ್ಕೆ ಸೇರಿಸಿದ್ದು. ಅವುಗಳಿಗೆ 'ಮಾಡ್' ಎನ್ನುತ್ತಾರೆ. ಒಬ್ಬ ಮಳೆ ತಂದ, ಒಬ್ಬಳು ಟ್ರಾಮು ಓಡಿಸಿದಳು, ಇನ್ಯಾರೋ ಪುಣ್ಯಾತ್ಮ ಶವಯಾತ್ರೆಗೆ ಬ್ಯಾಂಡನ್ನೂ ಸೇರಿಸಿದ. ಕಂಪನಿಯವರು ಮಾಡಿದ ಆಟ ಬರೀ ಅನ್ನ, ಸಾರು ಪಲ್ಯವೆಲ್ಲ ಈ ಜನರದೇ.

ರೊಜಾಲಿಯಾ ಕೆಂಪು ಇಟ್ಟಿಗೆಯ ಮನೆ ಹುಡುಕಿದಳು, ಸಿಗಲಿಲ್ಲ. ಬಲ್ಲವರನ್ನು ಕೇಳಿ, ಕಾಡಿ, ಬೈಸಿಕೊಂಡು ತಾನೇ ಮಾಡುವುದನ್ನು ಕಲಿತಳು. ತಾನು ಹುಟ್ಟಿದ ಮನೆಯನ್ನು ಬಯಲಲ್ಲಿ ತಂದು ನಿಲ್ಲಿಸಿದಳು. ನಿಲ್ಲಿಸಿ ನೋಡಿದರೆ ಅದು ಯಾರದೋ ಮನೆ. ಎಲ್ಲ ಇತ್ತು, ವಾಲಿರಲಿಲ್ಲ.

ಆ ಹೊತ್ತಿಗೆ ಆಟದಲ್ಲಿ ಜೊತೆಯಾದವನು ಒಟಕರ್. ಗಡಿಯಾಚೆಯ ಓಸ್ತ್ರವದಲ್ಲಿ ಬಸ್ಸು ರಿಪೇರಿ ಮಾಡುವವನು, ಅವನದೂ ಗಣಿಯ ಊರೇ. ಕಂಪನಿಯ ಆಟದಲ್ಲಿ ಎಂದೂ ಅಲುಗದ ನೆಲವನ್ನು ಅವನು ನಿಧಾನವಾಗಿ ಕುಸಿಯುವಂತೆ ಮಾಡಿದ. ರೊಜಾಲಿಯಾ ಅದರ ಮೇಲೆ ಬಿರುಕು ಬಿಡುವ ಗೋಡೆ, ಆನಿಕೆ ಕೊಡುವ ಮರದ ತೊಲೆ, ಬೀರುವಿನ ಕಾಲಡಿಯ ರಟ್ಟು ಎಲ್ಲ ಸೇರಿಸಿದಳು. ಆಟಗಾರ ಊರು ಕಟ್ಟಿ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮನೆ ವಾಲತೊಡಗುತ್ತಿತ್ತು. ಅಕ್ಕಪಕ್ಕದವರು ತೊಲೆ ಹಿಡಿದು ಓಡಿ ಬರಬೇಕು. ಅದಕ್ಕೆ 'ಸೊಟ್ಟ ಬೀದಿ' ಎಂದು ಹೆಸರಿಟ್ಟಳು. ಆಟವನ್ನು ಕಷ್ಟ ಮಾಡುವ ಮಾಡ್ ಯಾರಿಗೆ ಬೇಕು ಎಂದುಕೊಂಡಿದ್ದಳು. ದೇಶ ದೇಶದ ಜನ ಮುಗಿಬಿದ್ದರು.

ಈ ಜನರಲ್ಲಿ ಒಂದು ಕಟ್ಟುಪಾಡಿದೆ: ಇನ್ನೊಬ್ಬರ ತುಂಡು ಬೇಕೆಂದರೆ ಕೇಳಿ ತಗೋ, ಅವರ ಹೆಸರು ಹಾಕು, ಮಾರಬೇಡ. ಅದನ್ನು ಪಾಲಿಸುವುದರಲ್ಲಿ ರೊಜಾಲಿಯಾ ಚಂಡಿ. ಸೊಟ್ಟ ಬೀದಿಯ ಒಂದು ಇಟ್ಟಿಗೆ ಮುಟ್ಟಬೇಕಾದರೂ ಆಕೆಯ ಅಪ್ಪಣೆ ಬೇಕು. ಮನೆಗಳನ್ನು ಕೊಂಚ ನೆಟ್ಟಗೆ ಮಾಡಿಕೊಳ್ಳಲೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ, ಆಗುವುದಿಲ್ಲ.

ಒಬ್ಬನಿಗೆ ಮಾತ್ರ ಇದು ಯಾವುದೂ ಬೇಕಿರಲಿಲ್ಲ. ಅವನು ಆಕೆಯ ಅಣ್ಣ ಎರ್ವಿನ್. ಆಯುಷ್ಯವೆಲ್ಲ ಗಣಿಯೊಳಗೆ ಕಳೆದು ನಿವೃತ್ತನಾದವನು. ಭಾನುವಾರ ತಪ್ಪದೆ ತಂಗಿಯ ಮನೆಗೆ ಊಟಕ್ಕೆ ಬರುತ್ತಿದ್ದ, ಆದರೆ ಆ ಕಂಪ್ಯೂಟರಿನ ಹತ್ತಿರ ಸುಳಿಯುತ್ತಿರಲಿಲ್ಲ. "ಗೊಂಬೆ ಮನೆ ಆಟ ಮುಗೀತೇನೇ ಹುಡುಗಿ?" ಎಂದು ಕೆಣಕುವುದು, ಬೆನ್ನು ಹಾಕಿ ಕೂತು ಉಣ್ಣುವುದು. ತಾನು ಅಗೆದ ಕಲ್ಲಿದ್ದಲಿಗೇ ತನ್ನ ಮನೆ ಕುಸಿದದ್ದು ಅವನಿಗೆ ಗೊತ್ತಿತ್ತು. ತಂಗಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅಂಥ ಒಂದು ಭಾನುವಾರವೇ ಕಂಪನಿಯ ಓಸ್ಕರ್ ವಾರ್ಸಾದಿಂದ ಬಂದ. ತೆಳ್ಳನೆಯ, ನಗುಮುಖದ ಮನುಷ್ಯ. ಬರುತ್ತೇನೆಂದು ಮೊದಲೇ ತಿಳಿಸಿದ್ದ, ರೊಜಾಲಿಯಾ ಊಟಕ್ಕೇ ಕರೆದಿದ್ದಳು. ಕ್ಲುಸ್ಕಿ ಎಂಬ ಆಲೂಗಡ್ಡೆ ಕಡುಬಿನ ನಡುವೆ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಆ ಗುಂಡಿಗೆ ಮಾಂಸದ ರಸ ಸುರಿದು ಬಡಿಸಿದಳು.

"ಪಾನಿ ರೊಜಾಲಿಯಾ, ನಿಮ್ಮ ಬೀದಿ ಅಂದ್ರೆ ನಮ್ಮ ಆಫೀಸಲ್ಲಿ ಎಲ್ರಿಗೂ ಪ್ರಾಣ," ಎಂದ ಓಸ್ಕರ್. ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಪಾನಿ ಎಂದೇ.

"ಹಂಗಾದ್ರೆ ಇನ್ನೆರಡು ಹಾಕ್ಕೊಳಿ."

"ಅದನ್ನ ಆಟದೊಳಗಿನ ನಮ್ಮ ಅಂಗಡೀಲೇ ಇಡೋಣ ಅಂತ. ನಿಮ್ಮ ಹೆಸರೂ ಇರುತ್ತೆ, ದುಡ್ಡೂ ಬರುತ್ತೆ. ಒಂದು ಚಿಕ್ಕ ಬದಲಾವಣೆ ಅಷ್ಟೆ. ಮನೆಗಳು ನೆಟ್ಟಗೆ ನಿಂತ್ರೆ ಸಾಕು."

ರೊಜಾಲಿಯಾ ಸೌಟು ಕೆಳಗಿಟ್ಟಳು. "ನೆಟ್ಟಗೆ ಅಂದ್ರೆ?"

"ಬಿರುಕು ಬೇಡ, ವಾಲೋದು ಬೇಡ. ದುಡ್ಡು ಕೊಟ್ಟು ತಗೊಂಡೋರು ಆಟ ಕೆಟ್ಟಿದೆ ಅಂದ್ಕೋತಾರೆ. ಕೆಂಪು ಕಿಟಕಿ ಇರ್ಲಿ, ಪಾರಿವಾಳ ಇರ್ಲಿ, ಅದೆಲ್ಲ ತುಂಬಾ ಮುದ್ದಾಗಿದೆ."

"ಆ ವಾಲೋದು ಒಟಕರ್ ಮಾಡಿದ್ದು. ನಾವು ಕೇಳಿ ಕೊಟ್ಟು ತಗೊಂಡಿದ್ದು. ಮಾರೋಕಲ್ಲ."

"ಅದಕ್ಕೇ ಹೇಳಿದ್ದು, ಅದನ್ನ ತೆಗೆದ್ಬಿಟ್ರೆ ಯಾರ ತಕರಾರೂ ಇರಲ್ಲ."

ಎರ್ವಿನ್ ಬಾಯಿ ತುಂಬ ತುಂಬಿಕೊಂಡೇ ಹೇಳಿದ, "ಕೊಟ್ಬಿಡೇ. ನಿಜವಾದ ಬೀದೀನೇ ಹೋಯ್ತು, ಇದೇನು ಮಹಾ."

"ನೀನು ಸುಮ್ನೆ ಉಣ್ಣಣ್ಣ," ಎಂದಳು ರೊಜಾಲಿಯಾ. ಆಮೇಲೆ ಓಸ್ಕರನ ಕಡೆ ತಿರುಗಿದಳು. "ಆಗಲ್ಲ."

ಓಸ್ಕರನ ನಗು ಸ್ವಲ್ಪ ಒಣಗಿತು. ಮುಂದಿನ ಆವೃತ್ತಿಯಲ್ಲಿ ಹೊರಗಿನ ಯಾವ ಮಾಡೂ ನಡೆಯುವುದಿಲ್ಲ, ಅಂಗಡಿಯಲ್ಲಿದ್ದದ್ದು ಮಾತ್ರ ಎಂದು ತಿಳಿಸಿದ. "ನೀವು ಕೊಡದಿದ್ರೆ ಇಟ್ಟಿಗೆ ಮನೆ ನಾವೇ ಮಾಡ್ಕೋತೀವಿ, ಪಾನಿ ರೊಜಾಲಿಯಾ. ಕೆಂಪು ಕಿಟಕಿ ಯಾರಪ್ಪನ ಮನೆ ಆಸ್ತೀನೂ ಅಲ್ವಲ್ಲ."

ಆಕೆ ಎದ್ದು, ಗಸಗಸೆ ಕೇಕಿನ ದೊಡ್ಡ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು. "ರೈಲಲ್ಲಿ ತಿನ್ನಿ. ಬಾಗಿಲು ಆ ಕಡೆ." ಬಂದವರನ್ನು ಬರಿಗೈಯಲ್ಲಿ ಕಳಿಸಿದಳು ಎಂಬ ಮಾತು ಯಾರೂ ಆಡಬಾರದು, ಅಷ್ಟೆ.

ಆದರೆ ಸಿಟ್ಟು ಆರಲಿಲ್ಲ. ಎರ್ವಿನ್ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತವಳು, ಮಾಡ್ ಕಟ್ಟುವವರು ಸಿಟ್ಟಿನಲ್ಲಿ ಮಾಡುವ ತಪ್ಪನ್ನೇ ಮಾಡಿದಳು. ಎಲ್ಲರ ಮಾಡ್‌ಗಳೂ ಒಂದೇ ಕಣಜದಲ್ಲಿರುತ್ತವೆ. ಅಲ್ಲಿಂದಲೇ ಆಟಗಾರರ ಕಂಪ್ಯೂಟರುಗಳಿಗೆ ಹರಿದು ಹೋಗುತ್ತವೆ, ಅಲ್ಲಿಂದ ತೆಗೆದರೆ ಎಲ್ಲರ ಆಟದಿಂದಲೂ ಮಾಯ. ರೊಜಾಲಿಯಾ ಸೊಟ್ಟ ಬೀದಿಯನ್ನು ಕಣಜದಿಂದ ಕಿತ್ತುಹಾಕಿದಳು. ನನ್ನ ಬೀದಿಯಿಲ್ಲದೆ ನಿಮ್ಮ ಆಟ ಹೇಗಿರುತ್ತದೋ ನೋಡಿಕೊಳ್ಳಿ ಎಂಬುದು ಅವಳ ಹಟ. ಹಾಯಾಗಿ ಮಲಗಿ ನಿದ್ದೆ ಹೋದಳು.

ಬೆಳಗ್ಗೆ ಕಾಫಿಗೆ ನೀರಿಡುವ ಮುಂಚೆಯೇ ಒಟಕರ್‌ನ ಕರೆ ಬಂತು.

"ಏನೇ ಮಾಡಿದೆ ನೀನು?"

"ಕಂಪನಿಯೋರಿಗೆ ಬುದ್ಧಿ ಕಲಿಸ್ದೆ."

"ಕಂಪನಿಯೋರು ಹೊಟ್ಟೆ ತುಂಬ ತಿಂದು ಚೆನ್ನಾಗಿದಾರೆ. ನೀನು ಬಾರಿಸಿದ್ದು ನಮ್ಮೋರ ಕೆನ್ನೆಗೆ. ಹೋಗಿ ನೋಡು, ಜನ ಏನು ಬರೀತಿದಾರೆ."

ನೋಡಿದಳು. ಊರೂರುಗಳಿಂದ ಜನ ಚಿತ್ರ ಹಾಕಿದ್ದರು. ಅವರು ವರ್ಷಗಟ್ಟಲೆ ಕೂತು ಕಟ್ಟಿದ ಊರುಗಳಲ್ಲಿ ಮನೆಗಳಿದ್ದ ಕಡೆ ಬರೀ ನೇರಳೆ ಬಣ್ಣದ ಚೌಕಗಳು. ಆಟಕ್ಕೆ ತುಂಡು ಸಿಗದಿದ್ದಾಗ ಅದು ತೋರಿಸುವುದು ಅದನ್ನೇ. ತ್ರಿಯೆಸ್ತೆಯ ಹೆಂಗಸೊಬ್ಬಳು ತೀರಿಹೋದ ಅಪ್ಪನ ಬ್ರೆಡ್ ಅಂಗಡಿಯನ್ನು ಈಕೆಯ ಇಟ್ಟಿಗೆಯಲ್ಲೇ ಕಟ್ಟಿಕೊಂಡಿದ್ದಳಂತೆ. ಗಾಬರಿಯಲ್ಲಿ ಆ ಚೌಕಗಳಿದ್ದ ಹಾಗೇ ಆಟವನ್ನು ಸೇವ್ ಮಾಡಿಬಿಟ್ಟಿದ್ದಳು, ಹಳೆಯದು ಅಳಿಸಿಹೋಗಿತ್ತು. ಇನ್ನು ಮಾಡ್ ಮರಳಿ ಬಂದರೂ ಆ ಅಂಗಡಿ ಬರುವುದಿಲ್ಲ.

ರೊಜಾಲಿಯಾ ಅದನ್ನು ಎರಡೆರಡು ಸಲ ಓದಿದಳು. ಆದರೂ ಮಾತು ಬಿಟ್ಟುಕೊಡಲಿಲ್ಲ. "ನನ್ನ ಬೀದಿ, ನನ್ನಿಷ್ಟ."

"ನಿಮ್ಮ ಬೀದಿ ಕೆಡವಿದೋರೂ ಹಿಂಗೇ ಅಂದಿದ್ದು, ರೊಜಾಲಿಯಾ," ಎಂದ ಒಟಕರ್.

ಆಕೆ ಫೋನು ಕೆಳಗಿಟ್ಟಳು. ನಾಚಿಕೆಯಾಯಿತು. ಬೆಳಗಾಗೆದ್ದು ನೋಡಿದರೆ ಮನೆಯೇ ಇಲ್ಲದಂತಾಗುವುದು ಎಂಥದ್ದೆಂದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಅದನ್ನೇ ಮಾಡಿದ್ದಳು. ಮಾಡ್ ಅನ್ನು ಕಣಜಕ್ಕೆ ಮರಳಿ ಹಾಕಿದಳು. ತ್ರಿಯೆಸ್ತೆಯ ಹೆಂಗಸಿಗೆ, ಎಲ್ಲರೂ ಓದುವಂತೆ, ಕ್ಷಮೆ ಕೇಳಿ ಬರೆದಳು. ಉತ್ತರ ಬರಲಿಲ್ಲ.

ಆ ವಾರವೆಲ್ಲ ಶಿಶುವಿಹಾರದಲ್ಲಿ ಆಲೂಗಡ್ಡೆ ಸುಲಿಯುತ್ತ ಆಕೆ ಒಂದನ್ನೇ ಯೋಚಿಸಿದಳು. ಕೀಲಿಕೈ ಒಬ್ಬರ ಹತ್ತಿರ ಇರುವತನಕ ಅದನ್ನು ಕಿತ್ತುಕೊಳ್ಳುವವರು ಬರುತ್ತಲೇ ಇರುತ್ತಾರೆ. ಕಿತ್ತುಕೊಳ್ಳಲು ಯಾರೂ ಬರದಿದ್ದರೆ ತನಗೇ ಒಂದು ದಿನ ತಲೆ ಕೆಡುತ್ತದೆ. ಶುಕ್ರವಾರ ಒಟಕರ್‌ಗೆ ಫೋನು ಮಾಡಿದಳು.

"ಎಲ್ಲಾನೂ ಎಲ್ರಿಗೂ ಬಿಚ್ಚಿಟ್ಬಿಡೋಣ. ಇಟ್ಟಿಗೆ, ಬಿರುಕು, ನಿನ್ನ ನೆಲ, ಮಾಡಿದ ಕ್ರಮ, ಎಲ್ಲ. ಯಾರೂ ನಮ್ಮನ್ನ ಕೇಳ್ಬೇಕಾಗಿಲ್ಲ."

ಒಟಕರ್ ನಕ್ಕ. "ನೀನು? ಒಂದು ಇಟ್ಟಿಗೆ ಕೇಳಿದ್ರೂ ಜಗಳ ತೆಗೀತಿದ್ದೋಳು?"

"ಹೂಂ, ನಾನೇ. ಒಪ್ತೀಯೋ ಇಲ್ವೋ ಹೇಳು."

"ಜನ ನೆಟ್ಟಗೆ ಮಾಡ್ಕೋತಾರೆ. ಆಮೇಲೆ ಅಳಬಾರ್ದು."

"ಅಳ್ತೀನಿ. ನಿಂಗೇನು?"

ಹೀಗೆ ಸೊಟ್ಟ ಬೀದಿಯ ಕರುಳೆಲ್ಲ ಹೊರಗೆ ಬಂತು. ಮೇಲೆ ಆಕೆ ಬರೆದದ್ದಿಷ್ಟು: ಯಾರು ಬೇಕಾದರೂ ತಗೊಳ್ಳಿ, ಕತ್ತರಿಸಿ, ಜೋಡಿಸಿ, ನಮ್ಮನ್ನು ಕೇಳಬೇಡಿ, ಮಾರಬೇಡಿ. ಒಟಕರ್ ಹೇಳಿದಂತೆಯೇ ಆಯಿತು. ಯಾರೋ ಮನೆಗಳನ್ನು ನೆಟ್ಟಗೆ ಮಾಡಿದರು, ಯಾರೋ ನೀಲಿ ಬಣ್ಣ ಬಳಿದರು, ಒಬ್ಬ ಮಹಾಶಯ ತಾಳೆಮರ ನೆಟ್ಟು ಸಮುದ್ರದಂಡೆಗೆ ಸಾಗಿಸಿದ. ರೊಜಾಲಿಯಾ ಹಲ್ಲು ಕಚ್ಚಿಕೊಂಡು ನೋಡಿದಳು. ಮಕ್ಕಳನ್ನು ಬೀದಿಗೆ ಬಿಟ್ಟ ಮೇಲೆ ಮೈ ಕೊಳೆ ಮಾಡಿಕೊಳ್ಳಬೇಡಿ ಎಂದರೆ ಆಗುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಆ ತಾಳೆಮರದವನನ್ನು ಮಾತ್ರ ಕೊನೆಯವರೆಗೂ ಕ್ಷಮಿಸಲಿಲ್ಲ.

ವಸಂತ ಬರುವ ಹೊತ್ತಿಗೆ ಕಂಪನಿಯ ಹೊಸ ಆವೃತ್ತಿ ಬಂತು. ಹೊರಗಿನ ಮಾಡ್‌ಗಳಿಗೆ ಬಾಗಿಲು ಹಾಕಿದ್ದರು. ಅಂಗಡಿಯಲ್ಲಿ 'ಕೆಂಪು ಇಟ್ಟಿಗೆಯ ಪಟ್ಟಣ' ಮಾರಾಟಕ್ಕಿತ್ತು. ರೊಜಾಲಿಯಾ ಅದನ್ನು ಕೊಂಡು ನೋಡಿದಳು. ಕಿಟಕಿಯ ಕೆಂಪು ಹೆಚ್ಚುಕಡಿಮೆ ಆಕೆಯದೇ ಕೆಂಪು. ಮನೆಗಳು ಮಾತ್ರ ಕವಾಯತಿಗೆ ನಿಂತ ಸಿಪಾಯಿಗಳ ಹಾಗೆ ನೆಟ್ಟಗೆ. ಒಂದು ಬಿರುಕಿಲ್ಲ, ಒಂದು ತೊಲೆಯಿಲ್ಲ, ಒಬ್ಬರು ಇನ್ನೊಬ್ಬರ ಮನೆಗೆ ಓಡಿ ಬರುವ ಕಾರಣವೇ ಇಲ್ಲ. ನಮ್ಮ ಬೀದಿಯನ್ನು ಎರಡನೆಯ ಸಲ ಕೆಡವಿದರು ಎನ್ನಿಸಿತು ಆಕೆಗೆ. ಕಂಪ್ಯೂಟರ್ ಆರಿಸಿದವಳು ಬಹಳ ದಿನ ಅದನ್ನು ಮುಟ್ಟಲಿಲ್ಲ.

ಒಂದು ಭಾನುವಾರ ಊಟದ ನಡುವೆ ಫೋನು ಬಡಿದುಕೊಂಡಿತು. ಓಸ್ಕರ್. ದನಿಯಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಪಾನಿ ರೊಜಾಲಿಯಾ, ಇದನ್ನ ನಿಲ್ಲಿಸಿ."

"ಯಾವುದನ್ನ?"

"ನಮ್ಮ ಪಟ್ಟಣದ ಮನೆಗಳೆಲ್ಲ ವಾಲ್ತಿವೆ. ಎಲ್ಲಿಂದ ನುಗ್ಗಿದ್ರೋ ಗೊತ್ತಿಲ್ಲ, ನಿಮ್ಮ ಬಿರುಕು, ನಿಮ್ಮ ಸ್ನೇಹಿತರ ನೆಲ ತಂದು ನಮ್ಮ ಮನೆಗಳ ಕೆಳಗೇ ಸೇರಿಸಿದಾರೆ. ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬರುತ್ತೆ."

ರೊಜಾಲಿಯಾ ಹತ್ತಿರದ ಕುರ್ಚಿ ಎಳೆದುಕೊಂಡು ಕೂತಳು. "ನಾನು ಮಾಡಿದ್ದಲ್ಲ."

"ಮತ್ಯಾರು?"

"ನನಗೇನು ಗೊತ್ತು? ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳ್ಬೇಡಿ ಅಂತ ನಾನೇ ಬರ್ದಿದೀನಿ."

"ನೀವು ಒಂದು ಮಾತು ಹೇಳಿದ್ರೆ ಅವರು ಕೇಳ್ತಾರೆ."

"ಕೇಳ್ಬಹುದು. ನಾನು ಹೇಳಲ್ಲ."

ಎರ್ವಿನ್ ಮುಳ್ಳುಚಮಚ ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ಯಾರೇ ಅದು?" ಎಂದ.

"ಆಟದ ಕಂಪನಿಯೋರು. ಅವರ ಮನೆಗಳು ವಾಲ್ತಿವೆಯಂತೆ. ದೂರು ಹೇಳ್ತಿದಾರೆ."

ಎರ್ವಿನ್ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಎದ್ದ. ಕೈ ಚಾಚಿ ಫೋನು ಇಸಿದುಕೊಂಡ.

"ನೋಡಿ ಸ್ವಾಮಿ, ಎಷ್ಟು ವಾಲಿದೆ? ಸ್ವಲ್ಪ ತಾನೆ? ಅಷ್ಟು ವಾಲಿದ್ರೆ ಮನೆಗೇನೂ ಆಗಲ್ಲ, ನಿಯಮದೊಳಗೇ ಇದೆ. ಗಾಬರಿ ಮಾಡ್ಕೋಬೇಡಿ, ಹೋಗಿ ನೆಮ್ಮದಿಯಾಗಿರಿ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ನಮ್ಮಮ್ಮ ಮನೆ ವಾಲ್ತಿದೆ ಅಂತ ಸಾಯೋ ತನಕ ಗಣಿ ಆಫೀಸಿನ ಬಾಗಿಲಿಗೆ ಹೋದ್ಳು. ಹೋದಾಗಲೆಲ್ಲ ನಿಮ್ಮಂಥೋರು ಅವಳಿಗೆ ಹೇಳಿ ಕಳಿಸಿದ್ದು ಇದನ್ನೇ."

ಫೋನು ಆರಿಸಿ ಮೇಜಿನ ಮೇಲಿಟ್ಟ. ಆಮೇಲೆ ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಹಾಕಿ ಕೂತ.

"ಹಚ್ಚೇ ಇದನ್ನ," ಎಂದ. "ನಮ್ಮನೆ ತೋರ್ಸು."