ಪಕ್ಕದ ಮನೆಯಲ್ಲಿಟ್ಟ ಬೀಗದ ಕೈ

ಕಳೆದ ಮಂಗಳವಾರ ಬೆಳಿಗ್ಗೆ ಹಾಸನ ಜಿಲ್ಲೆಯ ಪಾಳ್ಯದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಭಾವ ಪಕ್ಕದ ಮನೆಗೆ ಹೋಗಿ ಒಂದು ಬೀಗದ ಕೈ ಕೇಳಿದ. ಆ ಮನೆಯ ಗೌರಮ್ಮ ಕೊಡಲಿಲ್ಲ. ಭಾವ ಬದುಕಿದ್ದಾನೆ.

(ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ‘ಹೆಸರೊಂದು ಬ್ಯಾಡ ಕಣೋ’ ಎಂದಿದ್ದಾನೆ.)

ನಮ್ಮಂಥ ದೇಶದ ಹಳ್ಳಿಗಳಲ್ಲಿ ಆತ್ಮಹತ್ಯೆ ತಡೆಯುವುದು ಹೇಗೆ ಎಂದು ಸಂಶೋಧಿಸುವ ತಂಡವೊಂದು ಆ ಊರಿಗೆ ಬಂದಿತ್ತು. ಅವರ ವಾದ ಸರಳ: ಸಾಯಬೇಕೆನ್ನುವ ಆವೇಗ ಬಹಳ ಸಲ ಅಲ್ಪಾಯುಷಿ. ಆ ಹೊತ್ತು ದಾಟಿಸಿದರೆ ಮನುಷ್ಯ ಉಳಿಯಬಹುದು. ಹಾಗಾಗಿ ಕೀಟನಾಶಕ ಇಡಲು (ನಮ್ಮ ಕಡೆ ಅದಕ್ಕೂ ಔಷಧಿ ಎಂದೇ ಹೆಸರು) ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟರು.

ಊರವರು ಏನು ಮಾಡಿದರು? ಬೀಗದ ಕೈ ಕಳೆದೀತೆಂದು ಪೆಟ್ಟಿಗೆಯ ಪಕ್ಕದ ಮೊಳೆಗೇ ನೇತುಹಾಕಿದರು!

ತಂಡ ಬೇಸರಿಸಲಿಲ್ಲ. ನಿಮ್ಮ ಬೀಗದ ಕೈ ಪಕ್ಕದ ಮನೆಯಲ್ಲಿರಲಿ, ಅವರದು ನಿಮ್ಮಲ್ಲಿರಲಿ ಎಂದಿತು.

ಮಂಗಳವಾರ ಭಾವ ಹೋದಾಗ ಗೌರಮ್ಮ ಅಂಗಳದಲ್ಲಿ ಹರಡಿದ್ದ ರಾಗಿ ಬಾಚುತ್ತಿದ್ದರು. ಅಕಾಲದ ಮೋಡ ಕವಿದಿತ್ತು.

“ಕೀ ಕೊಡಕ್ಕ, ಮೆಣಸಿನ ಗಿಡಕ್ಕೆ ಔಷಧಿ ಹೊಡೀಬೇಕು.”

“ಮಳೆ ತಲೆ ಮೇಲೈತೆ. ಈಗ ಹೊಡುದ್ರೆ ಎಲ್ಲಾ ತೊಳ್ದು ಹೋಗ್ಬುಡ್ತದೆ. ನಿಂಗೇನಾಗೈತೆ ಮಾರಾಯ?”

“ಕೊಡಕ್ಕ ಸುಮ್ನೆ.”

“ಕೊಡಕಿಲ್ಲ. ಮೊದ್ಲು ಚೀಲ ಹಿಡ್ಕೋ, ರಾಗಿ ನೆಂದೋಯ್ತದೆ.”

ಭಾವ ಚೀಲ ಹಿಡಿದ. ಅರ್ಧ ತುಂಬುವಷ್ಟರಲ್ಲಿ ಅಳತೊಡಗಿದ. ಬಹಳ ದಿನಗಳಿಂದ ನಿದ್ದೆಯಿಲ್ಲ, ಯಾವುದೂ ಬೇಡವೆನಿಸುತ್ತದೆ ಎಂದ. ಗೌರಮ್ಮ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಅಕ್ಕನನ್ನು ಕೂಗಿದರು. ಅದೇ ದಿನ ಮೂವರೂ ಹಾಸನದ ಬಸ್ಸು ಹತ್ತಿ ಮನೋವೈದ್ಯರನ್ನು ಕಂಡರು.

ಒಂದೇ ಮನೆಯಲ್ಲಿದ್ದ ಅಕ್ಕನಿಗೆ ಗೊತ್ತಾಗಲಿಲ್ಲವೇ? ಕೇಳಿದೆ. “ಸುಸ್ತು ಅಂತಿದ್ರು. ನಾನೂ ಸುಸ್ತೇ ಅಂದ್ಕೊಂಡೆ ಕಣೋ” ಎಂದಳು.

ಹಾಗಾದರೆ ಪೆಟ್ಟಿಗೆ ಗೆದ್ದಿತೇ? ತಂಡದ ಸಂಶೋಧಕಿಗೆ ಫೋನ್ ಮಾಡಿದೆ.

“ತುಂಬಾ ಖುಷಿಯಾಯ್ತು ಸಾರ್. ಆದ್ರೆ ಒಂದು ಘಟನೆ ಪುರಾವೆ ಅಲ್ಲ. ಅಧ್ಯಯನ ಮುಗಿಯೋವರೆಗೂ ನಾನೇನೂ ಹೇಳಲ್ಲ” ಎಂದರು.

ನ್ಯಾಯವಾದ ಮಾತು. ಪುರಾವೆ ನಿಧಾನವಾಗಿ ಬರಲಿ. ನಮ್ಮ ಮನೆಯವರೆಲ್ಲ ಈಗಾಗಲೇ ನೆಮ್ಮದಿಯ ಉಸಿರು ಬಿಟ್ಟಿದ್ದೇವೆ.

ಇಂದು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದ್ದೆ. ಭಾವ ಕಾಫಿ ಹಣ್ಣು ಬಿಡಿಸಲು ಹೋಗಿದ್ದಾನೆ. ಮಧ್ಯಾಹ್ನ ಊಟಕ್ಕೆ ಬರುತ್ತಾನೆ.